ದುಂಡಪ್ಪನ ಬಾಗಿಲು

ನಮ್ಮೂರ ಜೈಲಿನ ಬಾಗಿಲಿಗೆ ಬೀಗ ಇಲ್ಲ ಎಂದರೆ ಪರಊರಿನವರು ನಗುತ್ತಾರೆ. ನಗಲಿ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗಳೂ ಮೊದಲ ವಾರ ನಕ್ಕವರೇ. ಆ ಕಬ್ಬಿಣದ ಕಂಬಿಯ ಬಾಗಿಲು ಒಳಗೆ ಬರುವವರನ್ನು ಏನೂ ಕೇಳುವುದಿಲ್ಲ. ಪೊಲೀಸರು, ಕಿರಾಣಿ ಗಾಡಿ, ಶುಕ್ರವಾರದ ಡಾಕ್ಟರು, ಎಲ್ಲರಿಗೂ ಸುಮ್ಮನೆ ತೆರೆದುಕೊಳ್ಳುತ್ತದೆ. ಶಿಕ್ಷೆ ಮುಗಿಸಿ ಹೊರಟ ಕೈದಿಗೆ ಮಾತ್ರ ಮಾತು ಬೇಕು. ಅವನ ಜತೆ ಒಂದೇ ಕೋಣೆಯಲ್ಲಿ ಮೂರು ತಿಂಗಳು ಕಳೆದ ಪ್ರತಿಯೊಬ್ಬನೂ ಬಾಗಿಲ ಮುಂದೆ ನಿಂತು ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಹೇಳುವವನಿಗೆ ಅದು ನಿಜವಾಗಿಯೂ ಒಳ್ಳೆಯದು ಅನ್ನಿಸಿರಬೇಕು. ಅನ್ನಿಸದೆ ಹೇಳಿದರೆ ಬಾಗಿಲು ಅಲುಗುವುದಿಲ್ಲ. ತಿಂಗಳಿಗೆ ಒಂದೇ ಸಲ, ಮೊದಲ ಸೋಮವಾರ, ಸೂಪರಿಂಟೆಂಡೆಂಟ್ ಸಾಹೇಬರು ರಿಜಿಸ್ಟರ್ ಹಿಡಿದುಕೊಂಡು ಬರುತ್ತಾರೆ. ಅವರು ರಿಜಿಸ್ಟರ್ ಮುಚ್ಚುವುದರೊಳಗೆ ಬಾಗಿಲು ತೆರೆಯದಿದ್ದರೆ ಮುಂದಿನ ತಿಂಗಳವರೆಗೆ ಒಳಗೇ ಇರಬೇಕು.

ಊರಿನವರು ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಯಾರಾದರೂ ಜೈಲಿಗೆ ಹೊರಟರೆ ಮನೆಯವರು ಹಾಸಿಗೆಗಿಂತ ಮೊದಲು ಬುದ್ಧಿಮಾತು ಕಟ್ಟಿಕೊಡುತ್ತಾರೆ. ‘ಎಲ್ಲಾರ ಜೋಡಿ ನಕ್ಕೋತ ಇರು, ಯಾರ ಕೂಡನೂ ತಂಟೆ ಮಾಡಬ್ಯಾಡ.’ ಹೊರಗೆ ಸ್ವಂತ ತಮ್ಮನ ತಲೆ ಒಡೆದು ಬಂದವನು ಒಳಗೆ ಕಂಡಕಂಡವರ ತಟ್ಟೆ ತೊಳೆಯುತ್ತಾನೆ. ಬಾಗಿಲು ತೆಗೆಸಿಕೊಟ್ಟವರನ್ನು ಬಾಗಿಲ ನೆಂಟರು ಎಂದು ಕರೆದು ಮದುವೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಮುಂದಿನ ಸಾಲಿನಲ್ಲಿ ಕಳ್ಳರು, ಹಿಂದಿನ ಸಾಲಿನಲ್ಲಿ ಸೋದರಮಾವಂದಿರು! ಅಂಥ ಮದುವೆಗಳಿಗೆ ಕೋಟು ಹೊಲಿದುಕೊಟ್ಟವನು ನಾನು. ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ನನ್ನ ಹೆಸರು ರುಕ್ಮಾಜಿ. ಮೂವತ್ತೆರಡು ವರ್ಷ ಪೇಟೆಯಲ್ಲಿ ಟೇಲರ್ ಅಂಗಡಿ ನಡೆಸಿದವನು. ನಾನು ಹೊಲಿದ ಕೋಟನ್ನು ಒಬ್ಬ ಮದುಮಗ ಬಗಲು ಬಿಗಿ ಎಂದು ಇನ್ನೊಬ್ಬ ದರ್ಜಿಯ ಹತ್ತಿರ ಒಯ್ದು ಬಿಚ್ಚಿಸಿ ಹೊಲಿಸಿಕೊಂಡ. ಕೋಟು ಬಿಗಿ ಇರಲಿಲ್ಲ, ಅವನೇ ನಿಶ್ಚಿತಾರ್ಥದ ನಂತರ ಉಬ್ಬಿದ್ದ. ನನ್ನ ಹೊಲಿಗೆಯ ಮೇಲೆ ಇನ್ನೊಬ್ಬನ ದಾರ ಕಂಡದ್ದೇ ಪಿತ್ತ ನೆತ್ತಿಗೇರಿತು. ನಡುಬೀದಿಯಲ್ಲಿ, ಅವನ ಮೈಮೇಲಿದ್ದ ಹಾಗೆಯೇ, ಕತ್ತರಿ ಹಾಕಿ ಆ ಕೋಟನ್ನು ಸೀಳಿಬಿಟ್ಟೆ. ಕತ್ತರಿ ಸ್ವಲ್ಪ ಒಳಕ್ಕೂ ಹೋಯಿತು. ಎರಡೂವರೆ ವರ್ಷ ಕೊಟ್ಟರು. ಪಶ್ಚಾತ್ತಾಪ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ಬಟ್ಟೆ ಒಳ್ಳೆಯದಿತ್ತು ಸ್ವಾಮಿ, ಅದಕ್ಕಷ್ಟೇ ಬೇಜಾರು, ಎಂದೆ.

ಜೈಲಿನಲ್ಲಿ ನನಗೆ ಹೊಲಿಗೆಯ ಶೆಡ್ಡಿನಲ್ಲಿ ಒಂದು ಮಿಷನ್ ಕೊಟ್ಟರು. ಕೈದಿಗಳ ಅಂಗಿ ಹೊಲಿಯುವ ಕೆಲಸ. ಕೋಣೆಯಲ್ಲಿ ನನ್ನ ಜತೆ ಮೂವರು. ಇಮಾಂಸಾಬ ಲಾರಿ ಡ್ರೈವರು, ಹವಾಲ್ದಾರನೊಬ್ಬ ಬೈದನೆಂದು ಪೊಲೀಸ್ ಚೌಕಿಗೇ ಲಾರಿ ನುಗ್ಗಿಸಿ ಬಂದವನು. ಗುಂಡೇರಾವ್ ಮಾಸ್ತರು ಹೆಂಡತಿಯ ತಮ್ಮನಿಗೆ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ತೋರಿಸಿದವರು. ಆ ಮಹಾಶಯ ಪ್ರಶ್ನೆ ನೋಡಿಯೂ ಫೇಲಾದ, ಇವರು ಜೈಲು ಸೇರಿದರು. ಮೂರನೆಯವನು ದುಂಡಪ್ಪ, ಹಾಲು ಮಾರುವವನು. ಹಾಲಿಗೆ ನೀರು ಹಾಕಿದ್ದನ್ನು ಹಿಡಿದ ಇನ್ಸ್‌ಪೆಕ್ಟರ ತಲೆಯ ಮೇಲೆ ಅದೇ ಹಾಲಿನ ಕ್ಯಾನು ಕವುಚಿದ್ದಕ್ಕೆ ಅವನಿಗೆ ಒಂದು ವರ್ಷ. ನೀರು ಹಾಕುವ ಬುದ್ಧಿ ಇದ್ದವನಿಗೆ ಸಿಕ್ಕಿಬೀಳದ ಬುದ್ಧಿ ಇರಬೇಡವೇ?

ದುಂಡಪ್ಪನ ಬಗ್ಗೆ ನನಗಿದ್ದ ತಿರಸ್ಕಾರವನ್ನು ಹೇಳಿ ಮುಗಿಸಲಾರೆ. ಚಹಾ ಕುಡಿದರೆ ಅಂಗಳದಾಚೆಗೆ ಕೇಳುವಂತೆ ಸೊರ್ ಎನ್ನುತ್ತಿದ್ದ. ಯಾರು ಏನು ಹೇಳಿದರೂ ಹಲ್ಲು ಕಿರಿದು ‘ಹೌದ್ರಿ, ಹೌದ್ರಿ’ ಎನ್ನುತ್ತಿದ್ದ. ಇವತ್ತು ಬಿಸಿಲು ಎಂದರೂ ಹೌದ್ರಿ, ಮೋಡ ಎಂದರೂ ಹೌದ್ರಿ. ಬೆನ್ನುಮೂಳೆ ಇಲ್ಲದ ಪ್ರಾಣಿ. ಮಾಸ್ತರು ರಾಜಮನೆತನಗಳ ಪಾಠ ಶುರು ಮಾಡಿದರೆ ನಾನೂ ಇಮಾಂಸಾಬನೂ ಗೋಡೆಗೆ ಮುಖ ತಿರುಗಿಸುತ್ತಿದ್ದೆವು. ಈ ಪೆದ್ದ ಮಾತ್ರ ಬಾಯಿ ತೆರೆದುಕೊಂಡು ಕೂರುತ್ತಿದ್ದ.

ಅವನ ಶಿಕ್ಷೆ ಮುಗಿದ ಮೊದಲ ಸೋಮವಾರ ನಾವು ಮೂವರೂ ಬಾಗಿಲ ಮುಂದೆ ನಿಂತೆವು. ಇಮಾಂಸಾಬ, “ನನಗ ಜ್ವರಾ ಬಂದಾಗ ಮೂರು ದಿನ ನನ್ನ ಪಾಲಿನ ನೀರು ಇಂವ ಹೊತ್ತಾನ್ರಿ” ಎಂದ. ಬಾಗಿಲು ಕಿರ್ರೆಂದು ಚೂರು ಸಡಿಲವಾಯಿತು. ಮಾಸ್ತರು, “ನನ್ನ ಇಪ್ಪತ್ತಾರು ವರ್ಷದ ಸರ್ವಿಸ್ಸಿನೊಳಗ ಪಾಠಾ ಪೂರ್ತಿ ಕೇಳಿದಾಂವ ಇಂವನೊಬ್ಬನೇ” ಎಂದು ಕಣ್ಣು ಒರೆಸಿಕೊಂಡರು. ಇನ್ನೂ ಚೂರು ಸಡಿಲವಾಯಿತು. ನನ್ನ ಸರದಿ ಬಂತು. ತುಂಬ ಯೋಚಿಸಿ, “ದಿನಾ ಹಲ್ಲು ತಿಕ್ಕತಾನ” ಎಂದೆ. ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಸಾಹೇಬರು ರಿಜಿಸ್ಟರ್ ಮುಚ್ಚಿದರು.

ಎರಡನೆಯ ತಿಂಗಳು, “ಮೈಕಟ್ಟು ಛಲೋ ಐತಿ, ಅಂಗಿ ಕೂಡತೈತಿ” ಎಂದೆ. ಆಗಲಿಲ್ಲ. ಮೂರನೆಯ ತಿಂಗಳು, “ಗೊರಕಿ ಹೊಡಿಯಂಗಿಲ್ಲ” ಎಂದೆ. ಅದೂ ಆಗಲಿಲ್ಲ. ನಾನೇನು ಮಾಡಲಿ? ಇಲ್ಲದ್ದನ್ನು ಇದೆ ಎಂದು ನಂಬುವ ಕಲೆ ನನಗೆ ಬಾರದು. ಇಮಾಂಸಾಬ ಹಲ್ಲು ಕಡಿಯುತ್ತಿದ್ದ. ಮಾಸ್ತರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, “ರುಕ್ಮಾಜಿ, ಮನುಷ್ಯಾನ ಒಳಗ ಒಂದರೆ ಗುಣಾ ಇರತದಪಾ, ಹುಡುಕು” ಎಂದು ಉಪದೇಶ ಮಾಡಿದರು. ಹುಡುಕಿದೆ ಮಾಸ್ತರೆ, ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ್ದರೆ ಸುಲಭವಾಗುತ್ತಿತ್ತು, ಎಂದೆ. ಆಮೇಲೆ ಅವರು ಒಂದು ವಾರ ನನ್ನ ಜತೆ ಮಾತು ಬಿಟ್ಟರು. ನೆಮ್ಮದಿಯಾಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಬೆಣ್ಣೆ ಹಚ್ಚುವ ಕಾರ್ಯಕ್ರಮ. ದುಂಡಪ್ಪ ನನ್ನ ತಟ್ಟೆ ತೊಳೆದ, ಕಂಬಳಿ ಕೊಡವಿದ, ತನ್ನ ಪಾಲಿನ ಬೆಲ್ಲ ನನ್ನ ತಟ್ಟೆಯ ಅಂಚಿಗೆ ಸರಿಸಿದ, ಸಂಜೆ ಕಾಲೊತ್ತಿದ. ಹತ್ತಿರದ ಕೋಣೆಗಳವರೂ ಕಲಿತುಬಿಟ್ಟರು. ನಾಳೆ ಈ ದರ್ಜಿಯನ್ನು ನಮ್ಮ ಕೋಣೆಗೆ ಹಾಕಿದರೆ ಏನು ಗತಿ ಎಂದು ಮೊದಲೇ ನಮಸ್ಕಾರ ಹೊಡೆಯತೊಡಗಿದರು. ಜೈಲಿನಲ್ಲಿ ನನ್ನಷ್ಟು ಮರ್ಯಾದೆ ಯಾರಿಗೂ ಇರಲಿಲ್ಲ. ನಾನು ಒಂದನ್ನೂ ಬಿಡದೆ ತೆಗೆದುಕೊಂಡೆ, ಒಂದಕ್ಕೂ ಕರಗಲಿಲ್ಲ. ಬಾಗಿಲಿಗಾಗಿ ಒತ್ತಿದ ಕಾಲು ಅದು. ಬಾಗಿಲು ತೆರೆದ ಕೂಡಲೇ ಮರೆತು ಮನೆಗೆ ಓಡುವ ಕೈ ಅದು. “ಇಂವ ನನ್ನ ಕಾಲು ಒತ್ತ್ಯಾನ” ಎಂದು ಐದನೆಯ ತಿಂಗಳು ಬಾಗಿಲ ಮುಂದೆ ಹೇಳಿಯೂ ಹೇಳಿದೆ. ಬಾಗಿಲಿಗೂ ನನಗೂ ಆ ವಿಷಯದಲ್ಲಿ ಒಂದೇ ಅಭಿಪ್ರಾಯ.

ಹೀಗೆ ಏಳು ಸೋಮವಾರ ಹೋದವು. ನಮ್ಮೂರಲ್ಲಿ ಬಾಗಿಲ ಸೋಮವಾರ ಹೆಂಗಸರು ಜೈಲಿನ ಹತ್ತಿರ ಬರುವ ವಾಡಿಕೆ ಇಲ್ಲ. ಹೋಳಿಗೆ ಮಾಡಿಟ್ಟು ಮನೆಯಲ್ಲೇ ಕಾಯುತ್ತಾರೆ. ದುಂಡಪ್ಪನ ಹೆಂಡತಿ ಕಲ್ಲವ್ವ ಏಳು ಸಲ ಹೋಳಿಗೆ ಮಾಡಿ ಏಳು ಸಲವೂ ಎಮ್ಮೆಗೆ ಹಾಕಿದ್ದಳಂತೆ. ಈ ಸಂಗತಿ ನನಗೆ ಗೊತ್ತಾದದ್ದು ಎಂಟನೆಯ ಸೋಮವಾರಕ್ಕೆ ಮೊದಲಿನ ಶುಕ್ರವಾರ, ಅವಳು ಭೇಟಿಗೆ ಬಂದಾಗ. ಅಂಗಳದ ಬೇಲಿಯ ಆಚೆ ನಿಂತು ಅವಳು ಎತ್ತಿದ ದನಿ ಶೆಡ್ಡಿನೊಳಗೆ ಮಿಷನ್ ತುಳಿಯುತ್ತಿದ್ದ ನನಗೂ ಕೇಳಿತು.

“ನಿನ್ನೊಳಗ ಒಂದರೆ ಛಲೋ ಗುಣಾ ಇಲ್ಲೇನು? ಮೂರು ಮಂದಿಗೆ ಕಾಣಂಗ ಮೂರು ಗುಣಾ ಇಲ್ಲೇನು? ಹಾಲು ಹಾಕಾಕ ಹ್ವಾದ್ರ ಮಂದಿ ನನ್ನ ಮಾರಿ ನೋಡಿ ಕೇಳ್ತಾರ, ಒಳಗ ನಿನ್ನ ಗಂಡ ಏನು ಮಾಡ್ಯಾನಬೇ ಅಂತ. ಯಾರ ಕತ್ತು ಹಿಚುಕ್ಯಾನ ಅಂತ.”

“ಒಬ್ಬರದಷ್ಟ ಉಳದೈತಿ ಕಲ್ಲವ್ವಾ. ಆ ದರ್ಜಿಯವರದು.”

“ನಿನ್ನ ದರ್ಜಿ ಸುಡಗಾಡಿಗೆ ಹೋಗ್ಲಿ. ಈ ಸೋಮಾರ ನೀ ಹೊರಗ ಬರಲಿಲ್ಲಂದ್ರ ನಾ ಮಗಳ್ನ ಕರ್ಕೊಂಡು ನಮ್ಮಣ್ಣನ ಊರಿಗೆ ಹೊಕ್ಕೀನಿ. ತಿರುಗಿ ಬರಾಂಗಿಲ್ಲ. ಅಕಿಗೆ ಅಪ್ಪ ಇಲ್ಲಂತ ಹೇಳಿ ಬೆಳಸ್ತೀನಿ. ಯಾರಿಗೂ ಬ್ಯಾಡಾದ ಅಪ್ಪ ಇದ್ದು ಏನು ಮಾಡೂದೈತಿ?”

ದುಂಡಪ್ಪ ಶೆಡ್ಡಿಗೆ ವಾಪಸು ಬಂದು ಇಸ್ತ್ರಿಯ ಮೇಜಿನ ಮುಂದೆ ನಿಂತ. ಅವನಿಗೆ ಅಲ್ಲೇ ಕೆಲಸ. ನಾನು ಹೊಲಿದ ಅಂಗಿಗಳಿಗೆ ಕೆಂಡದ ಇಸ್ತ್ರಿ ಹಾಕಿ ಮಡಚಿಡಬೇಕು. ಬಂದು ನನ್ನ ಕಾಲಿಗೆ ಬೀಳುತ್ತಾನೆ ಎಂದುಕೊಂಡು ಬೈಯಲು ತಯಾರಾಗಿ ಕೂತೆ. ಬೀಳಲಿಲ್ಲ. ಮೂರು ದಿನದಲ್ಲಿ ಹೆಂಡತಿ ಮಗಳನ್ನು ಕಳೆದುಕೊಳ್ಳಲಿರುವವನು ಕಾಲರ್ ನೇರ ಮಾಡುತ್ತ ನಿಂತಿದ್ದ. ಹೇಡಿ ಎಂದುಕೊಂಡೆ.

ಮರುದಿನ ಶನಿವಾರ. ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ನನ್ನ ಕನ್ನಡಕ ಶೆಡ್ಡಿನಲ್ಲೇ ಉಳಿದದ್ದು ನೆನಪಾಗಿ ಅರ್ಧ ದಾರಿಯಿಂದ ತಿರುಗಿ ಬಂದೆ. ದುಂಡಪ್ಪ ಇಸ್ತ್ರಿ ಮೇಜಿನ ಹಿಂದೆ ಬಾಗಿಲಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ. ಕೆಂಡ ಆರಿಸಿ ಬರುತ್ತೇನೆಂದು ದಿನಾ ಹಿಂದೆ ಉಳಿಯುತ್ತಿದ್ದವನು ಇವನು. ಕೈಯಲ್ಲಿ ನಾನು ಹೊಲಿದ ಅಂಗಿ ಇತ್ತು, ಇನ್ನೊಂದು ಕೈಯಲ್ಲಿ ಸೂಜಿ.

ಅಂಗಿ ಕಿತ್ತುಕೊಂಡು ಬಗಲಿನ ಹೊಲಿಗೆಯ ಮೇಲೆ ಬೆರಳು ಆಡಿಸಿದೆ. ಮಿಷನ್ ಹೊಲಿಗೆಯ ಪಕ್ಕ ಕೈಹೊಲಿಗೆ, ಕೋಳಿ ಕೆದರಿದ ಹಾಗೆ. ಮಡಚಿಟ್ಟ ರಾಶಿಯಿಂದ ಇನ್ನೊಂದು ಎಳೆದೆ. ಅದರಲ್ಲೂ ಇತ್ತು. ಮತ್ತೊಂದು ಎಳೆದೆ. ರಾಶಿ ಪೂರ್ತಿ ಬೀಳಿಸಿದೆ. ಎಲ್ಲ ಅಂಗಿಗಳ ಬಗಲಲ್ಲೂ ಹಾಲು ಮಾರುವವನ ದಾರ! ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ.

“ನನ್ನ ಹೊಲಿಗಿಗೆ ಕೈ ಹಚ್ಚೀಯೇನಲೇ?”

“ಹೌದ್ರಿ.”

“ಯಾವಾಗಿಂದ?”

“ದಸರಾದಿಂದ್ರಿ.”

ದಸರಾ ಎಂದರೆ ಅವನ ಶಿಕ್ಷೆ ಮುಗಿಯಲು ಎರಡು ತಿಂಗಳಿಗೂ ಹೆಚ್ಚಿತ್ತು. ನನ್ನ ಕಾಲೊತ್ತುವ ಆಟ ಆಗಿನ್ನೂ ಶುರುವಾಗಿರಲಿಲ್ಲ.

“ಯಾಕ?”

“ಅಂಗಿ ಹಾಕ್ಕೊಂಡು ಕೈ ಎತ್ತಿದ್ರ ಬಗಲ ಬಾಯಿ ಬಿಡ್ತಿತ್ರಿ. ನಿಮ್ಮ ಹೊಲಿಗಿ ಬಟ್ಟಿ ಬಿಟ್ಟು ಹೊರಗ ಓಡತೈತಿ. ನಿಮ್ಮ ಕಣ್ಣು ಹೋಗ್ಯಾವ್ರಿ, ರುಕ್ಮಾಜಿ.”

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಕಣ್ಣು ಹೋಗಿದ್ದು ನನಗೆ ಗೊತ್ತಿರಲಿಲ್ಲವೇ? ಒಂದು ವರ್ಷದಿಂದ ಸೂಜಿಗೆ ದಾರ ಪೋಣಿಸುವ ಕೆಲಸ ಇವನಿಂದಲೇ ಮಾಡಿಸುತ್ತಿದ್ದೆ. ಪೆದ್ದನಿಗೆ ಒಂದಿಷ್ಟು ಕೆಲಸ ಕಲಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮುಗಿದ ಅಂಗಿಯನ್ನು ನೋಡುವುದನ್ನೇ ಬಿಟ್ಟಿದ್ದೆ. ರುಕ್ಮಾಜಿ ಹೊಲಿದದ್ದನ್ನು ಯಾಕೆ ನೋಡಬೇಕು ಎನ್ನುವ ಜಂಬ.

“ಮತ್ತ ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಮಿಷನ್ ಕಸಗೊಂತಿದ್ರು. ನೀವು ಮಿಷನ್ ಮುಂದ ಕುಂತಾಗಷ್ಟ ಯಾರಿಗೂ ಬೈಯಂಗಿಲ್ಲ. ಮಾರಿ ಸಣ್ಣ ಹುಡುಗನ್ನ ಮಾರಿ ಆಗತೈತಿ. ಮಿಷನ್ ಹ್ವಾದ್ರ ದಿನಾಪೂರ್ತಿ ನಿಮ್ಮ ಕೂಡ ಆ ಖೋಲ್ಯಾಗ ಯಾರು ಬಾಳೇ ಮಾಡೂದ್ರಿ?”

“ಕಡೀಕ ನಿನ್ನ ಬಾಗಲಾ ತೆಗಿಸ್ಕೊಳ್ಳಾಕರೆ ಹೇಳಬೇಕಿಲ್ಲೋ, ಖೋಡಿ!”

“ಹೇಳಿದ್ರ ನೀವು ಅದನ್ನ ಸಾಹೇಬ್ರ ಎದುರಿಗೆ ಹೇಳಬೇಕಾಗತಿತ್ತು. ಆಗೂ ಮಿಷನ್ ಹೋಗತಿತ್ತಲ್ರಿ.” ಕೊರಳಪಟ್ಟಿ ಸರಿಮಾಡಿಕೊಂಡು ಸೇರಿಸಿದ, “ಮ್ಯಾಲ ನೀವು ಕತ್ರಿ ಹಾಕಿದ ಮನಷ್ಯಾ. ನನಗ ಅಂಜಿಕಿನೂ ಇತ್ರಿ.”

ಭಾನುವಾರ ಪೂರ್ತಿ ಗೋಡೆ ನೋಡುತ್ತ ಮಲಗಿದೆ. ಅವನಲ್ಲಿ ಏನಾದರೊಂದು ಹುಳುಕು ಹುಡುಕಲೇಬೇಕೆಂದು ಹಟ ಹಿಡಿದೆ. ಅಂಜಿ ಮಾಡಿದ್ದಾನೆ ಎಂದುಕೊಂಡೆ. ಅಂಜಿದವನು ದೂರ ಸರಿಯಬೇಕು, ದಿನಾ ಊಟ ತಡಮಾಡಿಕೊಂಡು ಆರಿದ ಸಾರು ಯಾಕೆ ಉಣ್ಣಬೇಕು? ತನ್ನ ನೆಮ್ಮದಿಗೆ ಮಾಡಿದ್ದಾನೆ ಎಂದುಕೊಂಡೆ. ಹೋಳಿಗೆ ಎಮ್ಮೆಯ ಪಾಲಾಗುತ್ತಿದ್ದರೂ ಬಾಯಿಬಿಡದವನಿಗೆ ಎಂಥ ನೆಮ್ಮದಿ? ಹೊಲಿಗೆಯಾದರೂ ಕೆಟ್ಟದಾಗಿದೆ ಎಂದುಕೊಂಡೆ. ಅದು ಮಾತ್ರ ನಿಜವಾಗಿತ್ತು. ಆದರೆ ಬಾಗಿಲ ಮುಂದೆ ಒಪ್ಪಿಕೊಂಡರೆ ನನ್ನ ಗತಿ? ಕಣ್ಣು ಕಾಣದವರನ್ನು ನಮ್ಮ ಜೈಲಿನಲ್ಲಿ ಅಡಿಗೆಮನೆಯ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸಲು ಕೂರಿಸುತ್ತಾರೆ. ರುಕ್ಮಾಜಿ ಟೇಲರ್ ಹುಣಸೆ ಬೀಜ ತೆಗೆಯಬೇಕೇ? ನೆನೆದರೇ ಕಣ್ಣಲ್ಲಿ ನೀರು ಬಂತು. ಯಾರೂ ನೋಡದ ಹಾಗೆ ಒರೆಸಿಕೊಂಡೆ.

ಸೋಮವಾರ ಬೆಳಗ್ಗೆ ಸಾಹೇಬರು ಬಂದರು. ಕಂಬಿಯ ಆಚೆ ಕಲ್ಲವ್ವ ನಿಂತಿದ್ದಳು. ಹೋಳಿಗೆ ಮಾಡಿರಲಿಲ್ಲ. ಕಂಕುಳಲ್ಲಿ ಮಗಳು, ಕಾಲ ಬಳಿ ಬಟ್ಟೆಯ ಗಂಟು. ಅಣ್ಣನ ಊರಿನ ಬಸ್ಸು ರಸ್ತೆಯ ಆ ಬದಿಗೆ ಬಂದು ನಿಂತಿತ್ತು. ದುಂಡಪ್ಪ ಅವಳನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಇಮಾಂಸಾಬ ಹೇಳಿದ, ಮಾಸ್ತರು ಹೇಳಿದರು, ಬಾಗಿಲು ಎರಡು ಸಲ ಸಡಿಲವಾಯಿತು.

ನಾನು ಮೊದಲು ಜಾಣತನಕ್ಕೆ ಹೋದೆ. “ಇಂವನ ಕೈ ಸೂಜಿಗೆ ಹೊಂದತೈತಿ” ಎಂದೆ. ಬಾಗಿಲು ಅಲುಗಲಿಲ್ಲ, ಅಲುಗುವುದಾದರೂ ಹೇಗೆ? ಅಂಥ ದರಿದ್ರ ಹೊಲಿಗೆಯನ್ನು ನನ್ನ ಜನ್ಮದಲ್ಲೇ ನೋಡಿರಲಿಲ್ಲ. “ಭಾಳ ತಾಳ್ಮಿ ಐತಿ ಇಂವಗ” ಎಂದೆ. ಅದೂ ನಡೆಯಲಿಲ್ಲ. ತಾಳ್ಮೆಯನ್ನು ನಾನು ಯಾವತ್ತೂ ಗುಣವೆಂದು ಎಣಿಸಿದವನಲ್ಲ. ಸಾಹೇಬರು ಗಡಿಯಾರ ನೋಡಿದರು. “ಸಾಕಲ್ಲ?” ಎಂದು ರಿಜಿಸ್ಟರಿನ ಒಂದು ಮಗ್ಗುಲು ಎತ್ತಿದರು. ಕಲ್ಲವ್ವ ಬಾಗಿ ಗಂಟು ಎತ್ತಿಕೊಂಡಳು. ಮಗು ಕಂಬಿಯತ್ತ ಕೈ ಚಾಚಿತು, ಅವಳು ಆ ಕೈಯನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

ದುಂಡಪ್ಪ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಇರ್ಲಿ ಬಿಡ್ರಿ” ಎಂದ.

ಅಯ್ಯೋ, ಆ ‘ಇರ್ಲಿ ಬಿಡ್ರಿ’! ಅದನ್ನು ಕೇಳಿದ್ದೇ ನನಗೆ ಎಲ್ಲಿತ್ತೋ ಸಿಟ್ಟು. “ಏನು ಇರ್ಲಿ ಬಿಡೂದು? ಹೆಂಡ್ತಿ ಹೊಂಟಾಳ, ಮಗಳು ಹೊಂಟಾಳ, ಇರ್ಲಿ ಬಿಡ್ರಿ ಅಂತಾನ ಮೂಢ!” ಎಂದು ಚೀರಿದೆ. “ಸಾಹೇಬ್ರ, ರಿಜಿಸ್ಟರ್ ತಗೀರಿ. ನನ್ನ ಕಣ್ಣು ಹೋಗ್ಯಾವು. ಒಂದು ವರ್ಷದಿಂದ ನಾ ಹೊಲದ ಅಂಗಿ ಒಂದೂ ಅಂಗಿ ಅಲ್ಲ. ಎಲ್ಲಾದರ ಬಗಲಾ ಹರದು ಬರತಿತ್ತು. ಈ ಹಾಲಿನಾಂವ ದಿನಾ ಹಸಗೊಂಡು ಕುಂತು ಅದನ್ನೆಲ್ಲಾ ಮುಚ್ಚ್ಯಾನ. ಯಾರಿಗೂ ಹೇಳಿಲ್ಲ. ತನ್ನ ಬಾಗಲಾ ತೆಗಿಯೂ ಮಾತು ತನ್ನ ಕೈಯಾಗ ಇಟ್ಕೊಂಡು, ನನ್ನ ಮಿಷನ್ ಹೋಗಬಾರ್ದಂತ ಬಾಯಿ ಮುಚ್ಚಿಕೊಂಡು ಏಳು ತಿಂಗಳು ಹೆಚ್ಚಿಗಿ ಜೈಲಾಗ ಕುಂತಾನ. ಇಂಥಾ ಮನಷ್ಯಾನ್ನ ನಾ ನೋಡಿಲ್ರಿ. ನನ್ನ ಅಂಗಡಿಯಾಗ ನೋಡಿಲ್ಲ, ನನ್ನ ಮನಿಯಾಗ ನೋಡಿಲ್ಲ. ಕೈಹೊಲಿಗಿ ಮಾತ್ರ ನಾಯಿನೂ ಮೂಸಂಗಿಲ್ಲ.”

ಬಾಗಿಲು ಗೋಡೆಗೆ ತಾಗುವಷ್ಟು ಪೂರ್ತಿ ತೆರೆದಿತ್ತು. ಇಮಾಂಸಾಬ ದುಂಡಪ್ಪನ ಬೆನ್ನಿಗೆ ಒಂದು ಗುದ್ದು ಕೊಟ್ಟು, “ನಡಿಯೋ, ಮತ್ತ ಮುಚ್ಚೀತು” ಎಂದ. ದುಂಡಪ್ಪ ಹೊಸ್ತಿಲು ದಾಟಿ ಮಗಳನ್ನು ಎತ್ತಿಕೊಂಡ. ಒಂದೂವರೆ ವರ್ಷಕ್ಕೂ ಮೇಲೆ ಅಪ್ಪನನ್ನು ಮುಟ್ಟಿರದ ಮಗು ಗಾಬರಿಯಾಗಿ ಅವನ ಮೂಗು ಹಿಡಿದು ನೋಡಿತು. ಅವನು ಅಳುತ್ತಿದ್ದ. ಸಾಹೇಬರು ಪೆನ್ನಿನ ಹಿಂಬದಿಯಿಂದ ನನ್ನ ಕಡೆ ತೋರಿಸಿ ಗುಮಾಸ್ತನಿಗೆ, “ಇವರನ್ನ ನಾಳೆಯಿಂದ ಹುಣಸೆಹಣ್ಣಿಗೆ ಹಾಕಿ” ಎಂದರು.

ಕಲ್ಲವ್ವ ಗಂಟು ಕೆಳಗಿಟ್ಟು ಬಾಗಿಲ ತನಕ ಬಂದಳು. ಧನ್ಯವಾದ ಹೇಳುತ್ತಾಳೇನೋ ಎಂದು, ನಾಚಿಕೆಗೇಡಿ ನಾನು, ಅಂಗಿ ಸರಿಮಾಡಿಕೊಂಡು ನಿಂತೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂವತ್ತೆರಡು ವರ್ಷ ಅಂಗಡಿಗೆ ಬಂದವರನ್ನೆಲ್ಲ ನಾನು ಹಾಗೆ ನೋಡಿದ್ದೆ. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ.

“ನೀನೇನು ಆ ದರ್ಜಿ?”

“ಹೌದವಾ.”

“ಇಷ್ಟು ಹೇಳಾಕ ನಿನಗ ಏಳು ತಿಂಗಳು ಬೇಕಾತೇನು?”

ನನಗೆ ಶನಿವಾರವಷ್ಟೇ ಗೊತ್ತಾಯಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು. ಆದರೆ ಒಂದೇ ಕೋಣೆಯಲ್ಲಿ, ಒಂದೇ ಶೆಡ್ಡಿನಲ್ಲಿ, ಕೈಯಳತೆಯ ದೂರದಲ್ಲಿ ಒಂದೂವರೆ ವರ್ಷ ಇದ್ದ ಮನುಷ್ಯನನ್ನು ಶನಿವಾರ ನೋಡಿದೆ ಎಂದು ಆ ಹೆಂಗಸಿನ ಮುಖ ನೋಡಿ ಹೇಳಲು ಧೈರ್ಯ ಬರಲಿಲ್ಲ.

“ಬೇಕಾತವಾ” ಎಂದೆ.

ಅವಳು ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು. ದುಂಡಪ್ಪ ತಿರುಗಿ ನೋಡಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನೋಡುತ್ತಿರಲಿಲ್ಲ.